ಸ್ಕೂಟರಿನ ಹಿಂದೆ ಓಡುವ ಚಿತ್ರ

ಹೆಣ್ಣುಮಕ್ಕಳ ಖೊಖೊ ಪಂದ್ಯ ನಡೆಸುತ್ತಿದ್ದ ದಿನ ನನ್ನ ವಿಷಲ್ ಅರ್ಧಕ್ಕೇ ನಿಂತುಹೋಯಿತು. ಊದಲು ಶುರು ಮಾಡಿದೆ, ಸದ್ದು ಬಂತು, ಆಮೇಲೆ ಒಳಗೆ ಗಾಳಿಯೇ ಇಲ್ಲ. ಪಂದ್ಯ ನಿಂತಿತೋ ನಡೆಯುತ್ತಿದೆಯೋ ತಿಳಿಯದೆ ಮಕ್ಕಳೆಲ್ಲ ನನ್ನ ಮುಖ ನೋಡಿದರು. ನಾನು ಕೈಯೆತ್ತಿ ಏನೋ ಸನ್ನೆ ಮಾಡಿ, ಬಗ್ಗಿ ಮೊಣಕಾಲು ಹಿಡಿದುಕೊಂಡೆ. ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ “ಬಗ್ಗಬೇಡಿ, ನೆಟ್ಟಗೆ ನಿಂತು ಉಸಿರು ತಗೊಳ್ಳಿ” ಎಂದು ಗದರುತ್ತ ಬಂದವನು ನಾನು.

ನಾನು ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಆಗ ವಯಸ್ಸು ಐವತ್ತೊಂದು. ಸಿಗರೇಟು ಕಲಿತದ್ದು ಟ್ರೈನಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ. ದಿನಕ್ಕೆ ಇಪ್ಪತ್ತಕ್ಕೆ ಕಡಿಮೆ ಇರಲಿಲ್ಲ. ಶಾಲೆಯ ಕಾಂಪೌಂಡಿನಾಚೆ ಒಂದು ಹುಣಸೆ ಮರವಿದೆ. ಪಿರಿಯಡ್ಡಿಗೂ ಪಿರಿಯಡ್ಡಿಗೂ ನಡುವೆ ಅದರ ಬುಡವೇ ನನ್ನ ಜಾಗ. ಮಕ್ಕಳಿಗೆ ಇದು ಗೊತ್ತಿಲ್ಲ ಎಂದುಕೊಂಡಿದ್ದೆ. ಅವರು ಆ ಮರಕ್ಕೆ ‘ಪಿ.ಟಿ. ಸಾರ್ ಆಫೀಸು’ ಎಂದು ಹೆಸರಿಟ್ಟಿದ್ದರಂತೆ.

ಮನೆಯಲ್ಲಿ ನಾವು ಮೂವರು. ಹೆಂಡತಿ ಸುಜಾತ ದೇವರಾಯಸಮುದ್ರದ ಪಕ್ಕದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರು. ಅವಳ ತಾಯಿ ವೆಂಕಟಲಕ್ಷ್ಮಮ್ಮ ನಮ್ಮ ಜೊತೆಗೇ ಇದ್ದಾರೆ. ಸೊಂಟದಲ್ಲಿ ಸದಾ ಎಲೆಅಡಿಕೆ ಸಂಚಿ, ಅದರೊಳಗೆ ಹೊಗೆಸೊಪ್ಪು, ಬಾಯಲ್ಲಿ ಅರ್ಧ ಕನ್ನಡ ಅರ್ಧ ತೆಲುಗು. ಮಗಳು ಮದುವೆಯಾಗಿ ಮಾಲೂರಿನಲ್ಲಿದ್ದಾಳೆ. ವಿಷಲ್ ನಿಂತ ಸುದ್ದಿ ನಾನು ಮನೆ ಸೇರುವ ಮೊದಲೇ ಮನೆ ಸೇರಿತ್ತು. ಸುಜಾತ ಮಾರನೇ ದಿನ ರಜೆ ಹಾಕಿ, ನನ್ನನ್ನು ಕೋಲಾರದ ಬಸ್ಸು ಹತ್ತಿಸಿದಳು.

ಆಸ್ಪತ್ರೆಯಲ್ಲಿ ಒಂದು ಕೊಳವೆ ಕೊಟ್ಟು ಊದಲು ಹೇಳಿದರು. ಪರೀಕ್ಷೆ ಮಾಡುತ್ತಿದ್ದಾತ ಪಕ್ಕದಲ್ಲೇ ನಿಂತು, “ಊದಿ ಊದಿ ಊದಿ, ನಿಲ್ಲಿಸ್ಬೇಡಿ, ಇನ್ನೂ ಊದಿ” ಎಂದು ಕೂಗುತ್ತಿದ್ದ. ಓಟದ ಕೊನೆಯಲ್ಲಿ ನಾನು ಮಕ್ಕಳಿಗೆ ಕೂಗುವುದು ಹೀಗೆಯೇ. ಮೂರು ಸಲ ಊದಿದೆ. ಮೂರನೆಯ ಸಲಕ್ಕೆ ಕಣ್ಣು ಕತ್ತಲೆ ಬಂತು. ಆತ, “ಸಾಕು ಬಿಡಿ ಸಾರ್” ಎಂದ. ಆ ದನಿಯಲ್ಲಿದ್ದ ಕರುಣೆಯಿಂದ ನನಗೆ ಬಹಳ ನೋವಾಯಿತು. ಸೋತ ಮಕ್ಕಳ ಬೆನ್ನು ತಟ್ಟುವಾಗ ನನ್ನದೂ ಅದೇ ದನಿ.

ಡಾಕ್ಟರು ಕಾಗದ ನೋಡಿ ಕಾಯಿಲೆಗೆ ಒಂದು ಇಂಗ್ಲಿಷ್ ಹೆಸರು ಹೇಳಿದರು. ಆಮೇಲೆ ಕನ್ನಡದಲ್ಲಿ ಹೇಳಿದರು: “ಶ್ವಾಸಕೋಶ ಒಂದಷ್ಟು ಹೋಗಿದೆ ಮೇಷ್ಟ್ರೇ. ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೊಳ್ಳೋದು ನಿಮ್ಮ ಕೈಲಿದೆ. ಹಿಂಗೇ ಸೇದ್ತಾ ಹೋದ್ರೆ ಕೆಲವೇ ವರ್ಷದಲ್ಲಿ ಬಚ್ಚಲಮನೆಗೆ ಹೋಗೋಕೂ ಕುಂತು ಕುಂತು ಹೋಗ್ಬೇಕಾಗತ್ತೆ.”

ನಾಚಿಕೆಯಾದರೂ ಹೇಳುತ್ತೇನೆ. ಆ ಮಾತು ಕೇಳಿ ಹೊರಗೆ ಬಂದವನು ಮೊದಲು ಮಾಡಿದ ಕೆಲಸ, ಗೇಟಿನ ಹತ್ತಿರ ನಿಂತು ಸಿಗರೇಟು ಹಚ್ಚಿದ್ದು. ಸುಜಾತ ಔಷಧಿ ತೆಗೆದುಕೊಂಡು ಬಂದವಳು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಬೆನ್ನು ತಿರುಗಿಸಿ ರಸ್ತೆ ನೋಡುತ್ತ, ನಾನು ಮುಗಿಸುವವರೆಗೂ ಕಾದಳು. ಆ ಬೆನ್ನು ನೋಡುತ್ತ ಸೇದಿದ ಸಿಗರೇಟಿಗೆ ರುಚಿಯೇ ಇರಲಿಲ್ಲ. ಆದರೂ ಸಂಜೆಯೊಳಗೆ ಇನ್ನೂ ಎಂಟು ಸೇದಿದೆ.

ಮುಂದಿನ ತಿಂಗಳು ಎಲ್ಲರೂ ನನ್ನನ್ನು ಹೆದರಿಸಿದರು. ಹೆಡ್ಮಾಸ್ಟರು ತಮ್ಮ ಭಾವಮೈದುನ ಹೇಗೆ ತೀರಿಕೊಂಡರು ಎಂಬುದನ್ನು ಎರಡು ಸಲ ಹೇಳಿದರು. ಮಗಳು ಫೋನಿನಲ್ಲಿ ಅತ್ತಳು. ಅತ್ತೆ ಸಿಗರೇಟು ಪ್ಯಾಕಿನ ಮೇಲಿನ ಹುಣ್ಣು ಬಾಯಿಯ ಚಿತ್ರವನ್ನು ನನ್ನ ಕಣ್ಣ ಮುಂದೆ ಹಿಡಿದು, “ಅಳಿಯಂದ್ರೇ, ಇದನ್ನ ನೋಡಿಯಾದ್ರೂ ಬಿಡಬಾರ್ದಾ” ಎಂದರು, ಹೊಗೆಸೊಪ್ಪನ್ನು ಈ ದವಡೆಯಿಂದ ಆ ದವಡೆಗೆ ಸರಿಸುತ್ತ. ಹೆದರಿಕೆ ಹೆಚ್ಚಿದಷ್ಟೂ ನನ್ನ ಕೈ ತಾನಾಗಿಯೇ ಜೇಬಿಗೆ ಹೋಗುತ್ತಿತ್ತು. ಹೆದರಿದವನಿಗೆ ಸಮಾಧಾನ ಬೇಕು, ನನಗೆ ಗೊತ್ತಿದ್ದ ಸಮಾಧಾನ ಅದೊಂದೇ.

ಎರಡನೆಯ ಸಲ ಕೋಲಾರಕ್ಕೆ ಹೋದಾಗ ಡಾಕ್ಟರು ನಮ್ಮನ್ನು ಕೊನೆಯ ಕೋಣೆಯ ಕೌನ್ಸೆಲರ್ ಹತ್ತಿರ ಕಳಿಸಿದರು. ಹೆಸರು ನಾಜಿಯಾ. ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರಿರಬಹುದು. ಅವರು ಎಷ್ಟು ಸೇದುತ್ತೀರಿ ಎಂದು ಕೇಳಲಿಲ್ಲ. “ಮುಂದೆ ಏನು ಬೇಕು ನಿಮಗೆ, ಸರ್?” ಎಂದರು.

“ಆರೋಗ್ಯ,” ಎಂದೆ.

“ಆರೋಗ್ಯ ಕಣ್ಣಿಗೆ ಕಾಣಲ್ಲ. ಕಾಣೋ ಅಂಥದ್ದು ಏನಾದ್ರೂ ಹೇಳಿ. ಇನ್ನು ಆರು ತಿಂಗಳಿಗೆ, ಒಂದು ವರ್ಷಕ್ಕೆ, ನೀವು ಯಾವ ಜಾಗದಲ್ಲಿ ಏನು ಮಾಡ್ತಿದ್ರೆ ಖುಷಿಯಾಗತ್ತೆ?”

ವರ್ಷಗಳಿಂದ ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ಪಕ್ಕದಲ್ಲಿ ಸುಜಾತ ಮಡಿಲಲ್ಲಿ ಔಷಧಿ ಚೀಟಿ ಮಡಿಸುತ್ತ ಕೂತಿದ್ದಳು. ನನ್ನ ಬಾಯಿಂದ ತಾನಾಗಿಯೇ ಬಂತು: “ಇವಳಿಗೆ ಸ್ಕೂಟರ್ ಕಲಿಸ್ಬೇಕು.”

ಸುಜಾತ ತಟ್ಟನೆ ನನ್ನ ಕಡೆ ತಿರುಗಿದಳು. ಆರು ವರ್ಷದಿಂದ ಅವಳು ಕೇಳುತ್ತಿದ್ದ ವಿಷಯ ಅದು. ದಿನವೂ ಶೇರ್ ಆಟೋದಲ್ಲಿ ಹತ್ತು ಜನರ ನಡುವೆ ತೂರಿಕೊಂಡು ಅಂಗನವಾಡಿಗೆ ಹೋಗಿಬರುವವಳು. ನಾನು ಪ್ರತಿಸಲ ಒಂದೊಂದು ನೆಪ ಹೇಳಿದ್ದೆ: ಹೈವೇಲಿ ಲಾರಿ ಜಾಸ್ತಿ, ನಿನಗೆ ಸೈಕಲ್ಲೇ ಬರಲ್ಲ, ಪರೀಕ್ಷೆ ಮುಗೀಲಿ, ಮಳೆ ನಿಲ್ಲಲಿ. ನಿಜವಾದ ಕಾರಣ ಅವತ್ತು ಆ ಕೋಣೆಯಲ್ಲಿ ಹೇಳಿದೆ. “ಸ್ಕೂಟರ್ ಕಲಿಸೋನು ಹಿಂದೆ ಹಿಡ್ಕೊಂಡು ಓಡ್ಬೇಕು ಮೇಡಂ. ನನಗೆ ಇಪ್ಪತ್ತು ಹೆಜ್ಜೆ ಓಡೋಕಾಗಲ್ಲ. ಪಿ.ಟಿ. ಮೇಷ್ಟ್ರಾಗಿ ಅದನ್ನ ಹೆಂಡತಿಗೆ ಹೆಂಗೆ ಹೇಳಲಿ?”

“ಹೇಳಿದ್ರೆ ನಾನೇನು ತಿಂದ್ಬಿಡ್ತಿದ್ನಾ?” ಎಂದಳು ಸುಜಾತ. ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದಳು.

ನಾಜಿಯಾ ಮೇಡಂ ಕಾಗದ ತೆಗೆದುಕೊಂಡು ವಿಚಾರಣೆ ಶುರು ಮಾಡಿದರು. ಯಾವ ಜಾಗ? ದೇವರಾಯಸಮುದ್ರದ ಕೆರೆ ಕಟ್ಟೆ ಮೇಲೆ. ಯಾವ ಹೊತ್ತು? ಬೆಳಗ್ಗೆ. ಸ್ಕೂಟರ್ ಯಾವ ಬಣ್ಣ? ಕೆಂಪು. ಇವರು ಏನು ಉಟ್ಕೊಂಡಿದಾರೆ? ಹಸಿರು ಸೀರೆ.

“ಸೀರೇಲಿ ಹೆಂಗ್ರೀ ಕಲೀಲಿ? ಚೂಡಿದಾರ್ ಅಂತ ಬರ್ಕೊಳ್ಳಿ ಮೇಡಂ,” ಎಂದಳು ಸುಜಾತ. “ಆಮೇಲೆ ಕಟ್ಟೆ ಮೇಲೆ ಬೇಡ. ಒಂದು ಕಡೆ ನೀರು, ಒಂದು ಕಡೆ ಹಳ್ಳ. ಕಟ್ಟೆ ಕೆಳಗಿನ ಮಣ್ಣಿನ ದಾರೀಲಿ ಕಲಿಸಿ.”

ಹೀಗೆ ಇನ್ನೂ ನಡೆಯದ ಒಂದು ಬೆಳಗಿನ ಬಗ್ಗೆ ನಾವಿಬ್ಬರೂ ಅರ್ಧ ಗಂಟೆ ವಾದ ಮಾಡಿದೆವು. ಗಾಳಿ ಯಾವ ಕಡೆಯಿಂದ ಬೀಸುತ್ತೆ, ನನ್ನ ಬಲಗೈ ಎಲ್ಲಿ ಹಿಡಿದಿರುತ್ತೆ, ಅವಳು ಏನು ಕೂಗುತ್ತಾಳೆ, ಎಲ್ಲವನ್ನೂ ಮೇಡಂ ಬರೆದುಕೊಂಡರು. ಆಮೇಲೆ ಹೇಳಿದರು: “ಸೇದ್ಬೇಡಿ ಅಂತ ನಾನು ಹೇಳಲ್ಲ ಸರ್. ಸೇದ್ಬೇಕು ಅನ್ನಿಸಿದ ತಕ್ಷಣ ಕೂತು ಕಣ್ಮುಚ್ಚಿ ಈ ಬೆಳಗ್ಗೇನ ನೋಡಿ. ಅಲ್ಲೇ ಇದೀರಿ ಅನ್ನೋ ಹಂಗೆ ನೋಡಿ. ಆಮೇಲೂ ಬೇಕು ಅನ್ನಿಸಿದ್ರೆ ಸೇದಿ. ಚಟ ನಮ್ಮನ್ನ ಈಗಿನ ಐದು ನಿಮಿಷದೊಳಗೆ ಕೂಡಿಹಾಕತ್ತೆ. ಅದರಾಚೆ ನಿಮಗೊಂದು ಬೆಳಗ್ಗೆ ಕಾದಿದೆ ಅಂತ ಅದಕ್ಕೆ ತೋರಿಸ್ತಾ ಇರ್ಬೇಕು.” ಉಸಿರಿನ ಔಷಧಿ, ದಿನವೂ ನಡಿಗೆ, ಇವು ಡಾಕ್ಟರು ಹೇಳಿದಂತೆ ಬೇರೆ ನಡೆಯಬೇಕು. ಈ ಬೆಳಗಿನ ಚಿತ್ರವನ್ನು ನನ್ನದೇ ದನಿಯಲ್ಲಿ ಫೋನಿಗೆ ರೆಕಾರ್ಡ್ ಮಾಡಿಕೊಳ್ಳಬೇಕು.

ರೆಕಾರ್ಡಿಂಗ್ ನಡೆದದ್ದು ನಮ್ಮ ಅಡಿಗೆಮನೆಯಲ್ಲಿ. ಸುಜಾತ ಮುದ್ದೆ ತಿರುವುತ್ತಿದ್ದಳು. ನಾನು ಫೋನು ಬಾಯಿಗೆ ಹಿಡಿದು, “ಬೆಳಗ್ಗೆ ಆರೂವರೆ. ಕೆರೆಯಲ್ಲಿ ನೀರು ತುಂಬಿದೆ. ಸುಜಾತ ಸ್ಕೂಟರಿನ ಮೇಲೆ ಕೂತಿದ್ದಾಳೆ” ಎಂದು ಶುರು ಮಾಡಿದೆ. ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ, “ಅದರಾಗೆ ನಾನೆಲ್ಲಿದೀನಿ?” ಎಂದರು.

“ನೀವು ಮನೇಲಿದೀರಿ, ಅತ್ತೆ.”

“ಎಂದುಕು, ಯಾಕೆ? ನನ್ನ ಮಗಳು ಗಾಡಿ ಓಡಿಸೋದು ನಾನು ನೋಡಬ್ಯಾಡವಾ? ಕಟ್ಟೆ ಮ್ಯಾಲೆ ಕುಂತಿದೀನಿ ಅಂತ ಹೇಳಪ್ಪಾ.”

“ಕಟ್ಟೆ ಹತ್ತೋಕೆ ನಿಮ್ಮ ಮೊಣಕಾಲು ಬಿಡತ್ತಾ?”

“ಮುಂದೆ ಆಗೋದು ತಾನೇ ನೀನು ಹೇಳ್ತಿರೋದು? ಅವಾಗ ಮೊಣಕಾಲು ಸರಿಹೋಗಿರ್ತದೆ. ಕೈಯಾಗೆ ಕಾಫಿ ಫ್ಲಾಸ್ಕ್ ಐತೆ ಅಂತಾನೂ ಸೇರಿಸು.”

ಇಷ್ಟೂ ಮಾತು ರೆಕಾರ್ಡಿಂಗಿನಲ್ಲಿ ಹಾಗೆಯೇ ಉಳಿದಿದೆ. ಜೊತೆಗೆ ಮುದ್ದೆಕೋಲಿನ ಸದ್ದು, ಸುಜಾತನ ನಗು. ಮತ್ತೆ ಮಾಡೋಣ ಎಂದುಕೊಂಡವನು ಒಂದು ಸಲ ಕೇಳಿ ನೋಡಿ ಸುಮ್ಮನಾದೆ. ಅದಕ್ಕಿಂತ ಒಳ್ಳೆಯದು ನನ್ನಿಂದ ಆಗುತ್ತಿರಲಿಲ್ಲ.

ಮೊದಲ ದಿನ ಹುಣಸೆ ಮರದ ಬುಡದಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ, ಚಿತ್ರವನ್ನು ಪೂರ್ತಿ ನೋಡಿದೆ. ಕಣ್ಣು ಬಿಟ್ಟು ಸಿಗರೇಟು ಹಚ್ಚಿದೆ. ಅವತ್ತು ಹದಿನೆಂಟು ಸಲ ನೋಡಿ ಹದಿನೆಂಟು ಸಲ ಸೇದಿದೆ. ಚಿತ್ರದಲ್ಲಿ ಸ್ಕೂಟರು ನಿಂತಲ್ಲೇ ನಿಂತಿತ್ತು, ಕ್ಯಾಲೆಂಡರಿನ ಬೊಂಬೆಯಂತೆ. ಐದನೆಯ ದಿನವೋ ಆರನೆಯ ದಿನವೋ ಅದು ತಾನಾಗಿಯೇ ಸರಿಯಿತು. ನಾನು ಹೇಳಿಕೊಂಡಿರದ ಒಂದು ನಾಯಿ ಎಲ್ಲಿಂದಲೋ ಬಂದು ನಮ್ಮ ಜೊತೆ ಓಡಿತು. ಸುಜಾತ ಅದಕ್ಕೆ ಹೆದರಿ ಕಿರುಚಿದಳು. ನನಗೆ ನಗು ಬಂತು. ಕಣ್ಣು ಬಿಟ್ಟಾಗ ಬೆಲ್ ಹೊಡೆಯುತ್ತಿತ್ತು. ಸೇದದೆಯೇ ಪಿರಿಯಡ್ಡಿಗೆ ಬಂದಿದ್ದೆ ಎಂಬುದು ಮೈದಾನದ ನಡುವೆ ನಿಂತಾಗ ಗೊತ್ತಾಯಿತು.

ಆಮೇಲೆ ಹನ್ನೆರಡಾಯಿತು, ಒಂಬತ್ತಾಯಿತು. ಕೆಮ್ಮು ಮೊದಲು ಜೋರಾಯಿತು, ನಂತರ ಇಳಿಯಿತು. ಒಂದು ಸಂಜೆ ಮನೆಗೆ ಬಂದಾಗ ಬೀದಿಯಲ್ಲೇ ಒಗ್ಗರಣೆಯ ಕರಿಬೇವು ಮೂಗಿಗೆ ಬಡಿಯಿತು. ಎಷ್ಟು ವರ್ಷವಾಗಿತ್ತೋ. ಬಾಗಿಲಲ್ಲೇ ನಿಂತು ಎರಡು ಸಲ ಮೂಸಿದೆ. ಸುಜಾತ, “ಏನ್ರೀ, ಗ್ಯಾಸ್ ಲೀಕಾಗ್ತಿದೆಯಾ?” ಎಂದು ಓಡಿ ಬಂದಳು.

ಕೋಲಾರದ ಆಸ್ಪತ್ರೆಯ ಬೆಂಚೂ ಅಷ್ಟು ಬೇಸರವೆನಿಸಲಿಲ್ಲ. ಅಲ್ಲಿ ನನಗೆ ಮಾಲೂರಿನ ಮುನಿವೆಂಕಟಪ್ಪ ಸಿಕ್ಕಿದರು. ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಅರವತ್ತೈದು ದಾಟಿದ್ದಾರೆ, ಕಿವಿಯ ಮೇಲೆ ಅರ್ಧ ಬೀಡಿ. ನಾಜಿಯಾ ಮೇಡಂ ಅವರಿಗೂ ಇದೇ ಪಾಠ ಹೇಳಿದ್ದರು. “ನಿಮ್ದು ಯಾವ ಬೊಮ್ಮ ಮೇಷ್ಟ್ರೇ?” ಎಂದು ಕೇಳಿದರು. ತೆಲುಗಿನಲ್ಲಿ ಬೊಮ್ಮ ಎಂದರೆ ಚಿತ್ರ. ನಮ್ಮ ಕಡೆ ಸಿನಿಮಾಕ್ಕೂ ಅದೇ ಮಾತು. ನನ್ನದನ್ನು ಹೇಳಿದೆ.

“ಬಾಗೈತೆ, ಚೆನ್ನಾಗೈತೆ,” ಎಂದರು. “ನಂದು ಕುರುಡುಮಲೆ ಗಣಪತಿ ಗುಡಿ. ಮೊಮ್ಮಗಳನ್ನ ಹೆಗಲ ಮ್ಯಾಲೆ ಕೂರಿಸ್ಕೊಂಡು ಬಸ್ಸಿಳಿದಲ್ಲಿಂದ ಗಣಪತಿ ಮುಂದಿನಗಂಟ ಎಲ್ಲೂ ನಿಲ್ದಂಗೆ ನಡೀತೀನಿ. ಆ ಪಾಪ ನನ್ನ ಕೂದ್ಲು ಹಿಡ್ಕೊಂಡಿರ್ತದೆ.” ಹೇಳುತ್ತ ಹೇಳುತ್ತ ತಮ್ಮ ಬೋಳು ತಲೆ ಸವರಿಕೊಂಡರು. “ಬೊಮ್ಮದಾಗೆ ಕೂದ್ಲು ಐತೆ ನನಗೆ.”

ಬೆಂಚಿನ ಮೇಲಿದ್ದ ನಾಲ್ಕೈದು ಜನ ಒಟ್ಟಿಗೆ ನಕ್ಕೆವು. ಎಲ್ಲರಿಗೂ ಕೆಮ್ಮು ಬಂತು. ಕೆಮ್ಮಿ ಮುಗಿಸಿ ಮತ್ತೆ ನಕ್ಕೆವು.

ಡಿಸೆಂಬರಿನ ಚಳಿಯಲ್ಲಿ ನಾನು ಬಿದ್ದೆ. ನೆಗಡಿಯಾಗಿ ಶುರುವಾದದ್ದು ಮೂರನೆಯ ದಿನ ಎದೆಗಿಳಿದು, ಉಸಿರು ಒಳಗೂ ಹೋಗದು, ಹೊರಗೂ ಬರದು. ಮುಳಬಾಗಿಲಿನಲ್ಲೇ ಆಸ್ಪತ್ರೆಗೆ ಸೇರಿಸಿ ಮುಖಕ್ಕೆ ಮಾಸ್ಕ್ ಹಾಕಿದರು. ನಾಲ್ಕು ದಿನ ಅಲ್ಲಿದ್ದೆ. ಸುಜಾತ ನನ್ನ ಬೆನ್ನು ನೀವುತ್ತ ಕೂತಿದ್ದಳು. ನಾನು ಕಣ್ಣು ಮುಚ್ಚಿ ಕೆರೆಯ ದಾರಿ ಹುಡುಕಿದೆ; ಸಿಗಲಿಲ್ಲ. ಬದಲಿಗೆ ಮಂಚ, ನಳಿಕೆ ಕಂಡವು, ಮಂಚದ ಪಕ್ಕ ಮುದುಕಿಯಾದ ಸುಜಾತ ಕಂಡಳು. ಮನೆಗೆ ಬಂದ ವಾರವೇ ಮತ್ತೆ ಶುರುವಾಯಿತು. ಆ ಉಸಿರಿಟ್ಟುಕೊಂಡು ದಿನಕ್ಕೆ ಹತ್ತು, ಹನ್ನೆರಡು. ರೆಕಾರ್ಡಿಂಗ್ ಕೇಳಲು ಧೈರ್ಯವಾಗಲಿಲ್ಲ. ಅದರಲ್ಲಿ ನಗುತ್ತಿದ್ದ ಹೆಂಡತಿಗೆ ಮೋಸ ಮಾಡಿದಂತೆ ಅನಿಸುತ್ತಿತ್ತು.

ನಾಜಿಯಾ ಮೇಡಂ ಮುಂದೆ ತಲೆ ತಗ್ಗಿಸಿ ಕೂತೆ. ಅವರು ಬೈಯಲಿಲ್ಲ. “ದೂರದ್ದು ಕಾಣ್ತಿಲ್ಲ ಅಂದ್ರೆ ಹತ್ತಿರದ್ದು ನೋಡೋಣ. ನಾಳೆ ಬೆಳಗ್ಗೆ ಏನಿದೆ?” ಎಂದರು.

“ನಾಳೆ ಏನೂ ಇಲ್ಲ ಮೇಡಂ. ಭಾನುವಾರ.”

“ತಿಂಡಿ ಏನು?”

ಸುಜಾತ ಹೇಳಿದಳು: “ರಾಗಿದೋಸೆ. ಕಡ್ಲೆಬೀಜದ ಚಟ್ನಿ.”

“ಸರ್, ಆ ದೋಸೇನ ಈಗ ನೋಡಿ. ಅಷ್ಟೇ ಸಾಕು.”

ದೋಸೆಯ ಅಂಚು ಗರಿಗರಿಯಾಗಿ ಕಂದುಬಣ್ಣಕ್ಕೆ ತಿರುಗುವುದನ್ನು ನೋಡಿದೆ. ಹಂಚಿನಿಂದ ಏಳುವ ಹೊಗೆಯನ್ನು ನೋಡಿದೆ. ಅವತ್ತು ಬಸ್ಸಿನಲ್ಲಿ ಕೋಲಾರದಿಂದ ಮುಳಬಾಗಿಲಿನವರೆಗೆ ಆ ಒಂದು ದೋಸೆಯ ಮೇಲೆಯೇ ಬಂದೆ. ಅದರ ಮರುದಿನ ಹೂಗಿಡಕ್ಕೆ ನೀರು ಹಾಕುವುದು, ಅದರ ಮರುವಾರ ಮಗಳು ಬರುವುದು. ಹೀಗೆ ಸಣ್ಣ ಸಣ್ಣ ಬೆಳಗುಗಳನ್ನು ಹಿಡಿದುಕೊಂಡು ಫೆಬ್ರವರಿ ಹೊತ್ತಿಗೆ ಚಿತ್ರದಲ್ಲಿ ಮತ್ತೆ ಕೆರೆಯ ಹತ್ತಿರ ಬಂದೆ. ಕೆಂಪು ಸ್ಕೂಟರು ಅಲ್ಲೇ ನಿಂತಿತ್ತು. ಅತ್ತೆ ಕಟ್ಟೆಯ ಮೇಲೆ ಕೂತೇ ಇದ್ದರು.

ಇವತ್ತಿನ ಸ್ಥಿತಿ ಹೇಳಿ, ಆಮೇಲೆ ಆ ಬೆಳಗಿನ ವಿಷಯಕ್ಕೆ ಬರುತ್ತೇನೆ. ಹೋದ ಶ್ವಾಸಕೋಶ ವಾಪಸ್ ಬಂದಿಲ್ಲ. ಔಷಧಿ ಎಳೆದುಕೊಳ್ಳುವ ಪಂಪು ದಿನವೂ ಎರಡು ಹೊತ್ತು ಬೇಕು. ಬೆಟ್ಟ ಹತ್ತುವಾಗ ನಿಂತು ನಿಂತು ಹತ್ತುತ್ತೇನೆ. ಸಿಗರೇಟು ಬಹಳ ತಿಂಗಳು ಎರಡರಲ್ಲೇ ಸಿಕ್ಕಿಹಾಕಿಕೊಂಡಿತ್ತು, ಬೆಳಗ್ಗೆ ಒಂದು, ಊಟವಾದ ಮೇಲೆ ಒಂದು. ಆಮೇಲೆ ಅದೂ ಹೋಯಿತು. ಕೊನೆಯದನ್ನು ಯಾವತ್ತು ಸೇದಿದೆ ಎಂದು ಕೇಳಿದರೆ ಗೊತ್ತಿಲ್ಲ. ಕೊನೆಯದು ಎಂದು ತಿಳಿದು ಸೇದಲಿಲ್ಲ. ಒಂದು ಸಾವಿನ ಮನೆಯಲ್ಲಿ ಮತ್ತೊಮ್ಮೆ ಸೇದಿದೆ, ಅದನ್ನು ಸುಜಾತನಿಗೆ ಹೇಳಿದೆ. ಇದನ್ನು ಓದುತ್ತಿರುವವರು ಯಾರಾದರೂ ಒಂದು ಮರದ ಹಿಂದೆ ಅವಿತು ಸೇದುತ್ತ, ನನ್ನಿಂದ ಇದು ಆಗದು ಎಂದುಕೊಂಡಿದ್ದರೆ, ನಾನೂ ಹಾಗೆಯೇ ಅಂದುಕೊಂಡಿದ್ದೆ ಎಂದು ಮಾತ್ರ ಹೇಳಬಲ್ಲೆ. ಬಿಡುವ ಚಿಂತೆ ಆಮೇಲಿರಲಿ. ನಿಮಗೆ ಬೇಕಾದ ಒಂದು ಒಳ್ಳೆಯ ದಿನ ಯಾವುದು, ಅದನ್ನು ಯಾರಿಗಾದರೂ ಜೋರಾಗಿ ಹೇಳಿ ನೋಡಿ. ಹೇಳುವಾಗ ಮನೆಯವರು ತಮ್ಮದನ್ನೂ ಸೇರಿಸುತ್ತಾರೆ. ಸೇರಿಸಲಿ ಬಿಡಿ.

ಆ ವರ್ಷದ ಪರೀಕ್ಷೆಗಳು ಮುಗಿದ ಮೇಲೆ ಶಾಲೆಯ ಸೈನ್ಸ್ ಟೀಚರ್ ತಮ್ಮ ಹಳೇ ಸ್ಕೂಟರ್ ಕೊಟ್ಟರು. ಕೆಂಪಲ್ಲ, ಬೂದು. ಮೊದಲ ದಿನ ಹನ್ನೊಂದು ಹೆಜ್ಜೆ ಓಡಿ ಕಟ್ಟೆಯ ಕಲ್ಲಿನ ಮೇಲೆ ಕೂತೆ. ಎರಡನೆಯ ದಿನ ಇಪ್ಪತ್ತು ದಾಟಿತು. ಡಾಕ್ಟರು ಹೇಳಿದ್ದಂತೆ, ಓಡು, ನಿಲ್ಲು, ಉಸಿರು ಬಿಡು, ಮತ್ತೆ ಓಡು. ಸುಜಾತ ಎರಡು ಸಲ ಬೇಲಿಗೆ ನುಗ್ಗಿದಳು. ಮೂರನೆಯ, ನಾಲ್ಕನೆಯ ದಿನವೂ ಹೀಗೇ ನಡೆಯಿತು.

ಐದನೆಯ ಬೆಳಗ್ಗೆ ಅತ್ತೆಯೂ ಬಂದರು. ಆಟೋದಿಂದಿಳಿದು ಮೂರು ಕಡೆ ಕೂತು, ಮುಕ್ಕಾಲು ಕಟ್ಟೆ ಹತ್ತಿ, “ಇಲ್ಲಿಂದಾನೇ ಬಾಗಾ ಕಾಣಿಸ್ತದೆ” ಎಂದು ಅಲ್ಲೇ ಕೂತರು. ಫ್ಲಾಸ್ಕ್ ಮರೆತು ಬಂದಿದ್ದರು. ಸುಜಾತ ಚೂಡಿದಾರಿನಲ್ಲಿ, ತಲೆಗೆ ದೊಡ್ಡ ಹೆಲ್ಮೆಟ್ಟು ಹಾಕಿಕೊಂಡು ಕೂತಳು. ನಾನು ಸೀಟಿನ ಹಿಂದಿನ ಕಂಬಿ ಹಿಡಿದೆ. ಗಾಡಿ ಹೊರಟಿತು. ಮೇಲಿನಿಂದ ಅತ್ತೆ, “ಮೆಲ್ಲಗಾ, ಮೆಲ್ಲಗಾ” ಎಂದು ಕೂಗುತ್ತಿದ್ದರು.

ಹುಣಸೆ ಮರದ ಬುಡದಲ್ಲಿ ಅಷ್ಟು ಸಲ ನೋಡಿದ್ದ ದಾರಿ ಅದು. ಆದರೆ ಚಿತ್ರದಲ್ಲಿ ಕಾಲಡಿಯ ಮಣ್ಣು ಇಷ್ಟು ಮೆತ್ತಗಿರಲಿಲ್ಲ, ಕೆರೆಯ ಕಡೆಯ ಗಾಳಿ ಇಷ್ಟು ತಣ್ಣಗಿರಲಿಲ್ಲ. ಮೊದಲ ಬೇವಿನ ಮರ ದಾಟಿತು. ಅವಳ ಭುಜ ಸಡಿಲವಾಯಿತು, ಕೈ ನೆಟ್ಟಗಾಯಿತು. ಗಾಡಿ ನನ್ನ ಕೈಯಲ್ಲಿ ಹಗುರವಾಗುತ್ತ ಬಂತು.

“ರೀ, ಬಂತು ನನಗೆ. ಬಿಡ್ರೀ,” ಎಂದಳು.

ನಾನು ಬಿಡಲಿಲ್ಲ.

“ಬಿಡ್ರೀ ಅಂದ್ನಲ್ಲ. ನಾನೇ ಹೋಗ್ತೀನಿ.”

“ಇನ್ನೊಂಚೂರು ದೂರ ಕಣೇ,” ಎಂದೆ.

ಓಡುತ್ತಲೇ ಮಾತಾಡಿದ್ದೆ. ಅದು ಅವಳಿಗೆ ನನಗಿಂತ ಮೊದಲು ಗೊತ್ತಾಯಿತು. ಹೆಲ್ಮೆಟ್ಟಿನೊಳಗಿಂದ ಅವಳ ನಗು ಕೇಳಿಸಿತು. ಎರಡನೆಯ ಬೇವಿನ ಮರದವರೆಗೂ ಅವಳು ಮತ್ತೆ ಬಿಡಿ ಎನ್ನಲಿಲ್ಲ. ನನ್ನ ಹೆಜ್ಜೆಗೆ ಸರಿಯಾಗಿ ಗಾಡಿಯನ್ನು ನಿಧಾನ ಮಾಡಿಕೊಂಡಳು.